ನಾಳೆಗೆಂದು ಉಳಿದ ಕೆಲಸ



ಮನಸ್ಸಿಗೊಪ್ಪಿದ ಕಥೆಯು ಪರದೆಯ ಮೇಲೆ ಮುಗಿದರೂ ಮನಸ್ಸಿನೊಳಗೆ ಮುಗಿಯುವುದಿಲ್ಲ. ನಮ್ಮ ಮಗಳು ಸಂಶೋಧನ ವಿದ್ಯಾರ್ಥಿನಿ. ಪ್ರಬಂಧದ ಮೂರನೆಯ ಅಧ್ಯಾಯವನ್ನು ಒಪ್ಪಿಸುವ ದಿನ ಸಮೀಪಿಸುತ್ತಿದ್ದರೂ ಅವಳು ತಿಂಗಳಿಡೀ 'ಸ್ಟಾರ್ ಟ್ರೆಕ್' ಎಂಬ ಅಮೆರಿಕೆಯ ಹಳೆಯ ಧಾರಾವಾಹಿಯಲ್ಲಿ ಮುಳುಗಿದ್ದಳು. ಬೆಳಿಗ್ಗೆ ಒಂದು ಕಂತು, ಮಧ್ಯಾಹ್ನ ಅದರದೇ ಆಟ, ರಾತ್ರಿ ಅದೇ ಪಾತ್ರಗಳ ಕಥೆಗಳು.

ಗದರಿಸುವ ಮೊದಲು ಅದೇನೆಂದು ತಿಳಿಯೋಣವೆಂದು ಪಕ್ಕದಲ್ಲಿ ಕುಳಿತೆನು. 'ಎಂಟರ್‌ಪ್ರೈಸ್' ಎಂಬ ನೌಕೆಯು ನಕ್ಷತ್ರಲೋಕದಲ್ಲಿ ಸಂಚರಿಸುವ ಕಥೆಯಿದು. ೧೯೬೬ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ, ೭೯ ಕಂತುಗಳ ಬಳಿಕ ೧೯೬೯ರಲ್ಲಿ ನಿಂತಿತು. ಆದರೆ ಪ್ರೇಕ್ಷಕರ ಪ್ರೀತಿ ನಿಲ್ಲಲಿಲ್ಲ. ೧೯೬೭ರಲ್ಲಿಯೇ ಜೇಮ್ಸ್ ಬ್ಲಿಷ್ ಅದರ ಕಂತುಗಳನ್ನು ಕಥೆಗಳಾಗಿ ಬರೆದು ಪುಸ್ತಕ ಹೊರತಂದಿದ್ದರು. ಅದೇ ವರ್ಷ ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಪತ್ರಿಕೆಯನ್ನು ತಾವೇ ಹೊರಡಿಸಿದರು. ೧೯೭೧ರಲ್ಲಿ ಮೈಕ್ ಮೇಫೀಲ್ಡ್ ಎಂಬ ಶಾಲಾ ವಿದ್ಯಾರ್ಥಿ ಈ ಕಥೆಯನ್ನು ಗಣಕಯಂತ್ರದ ಆಟವಾಗಿಸಿದನು. ಚಿತ್ರಗಳಿಲ್ಲದ, ಅಕ್ಷರ-ಚಿಹ್ನೆಗಳಷ್ಟೇ ಇರುವ ಆಟವದು. ಆಡುವವರೇ ನೌಕೆಯ ನಾಯಕರು. ಗೊತ್ತುಪಡಿಸಿದ ದಿನಗಳೊಳಗೆ ಶತ್ರುನೌಕೆಗಳನ್ನೆಲ್ಲ ಹುಡುಕಿ ನಾಶಮಾಡಬೇಕು. ಅವಧಿ ತೀರಿದರೆ ಸೋಲು.

ನನಗೆ ನಗು ಬಂದಿತು. "ಆಟದಲ್ಲಿ ಒಂದೊಂದು ದಿನವನ್ನೂ ಎಣಿಸುತ್ತಿರುವೆಯಲ್ಲ ಅವ್ವಾ, ನಿನ್ನ ಅಧ್ಯಾಯದ ದಿನಗಳನ್ನು ಎಣಿಸುವವರಾರು?" ಎಂದೆನು.

ಅವಳು ತಲೆ ತಗ್ಗಿಸಿದಳು. "ಬರೆಯಲು ಬೇಸರವಿಲ್ಲಪ್ಪಾ, ಭಯ. ಕಳೆದ ಅಧ್ಯಾಯದ ತುಂಬ ಮಾರ್ಗದರ್ಶಕರ ಕೆಂಪು ಗೆರೆಗಳಿದ್ದವು. ಆಟದಲ್ಲಿ ಸೋತರೆ ಮತ್ತೆ ಮೊದಲಿನಿಂದ ಆಡಬಹುದು."

ಆ ಮಾತು ನನ್ನನ್ನೇ ಚುಚ್ಚಿತು. ಹೊಲದ ಹಂಚಿಕೆಯ ವೇಳೆ ಅಣ್ಣನವರಿಗೆ ನಾನು ಬಿರುನುಡಿಗಳನ್ನಾಡಿದ್ದೆನು. ಆದರೂ ಅವರು ಮೃದುವಾಗಿ ಬರೆದ ಪತ್ರವು ಮೂರು ತಿಂಗಳಿಂದ ನನ್ನ ಮೇಜಿನ ಮೇಲಿತ್ತು. ಉತ್ತರಿಸಲು ಕುಳಿತಾಗಲೆಲ್ಲ ಕೈ ದಿನಪತ್ರಿಕೆಯ ಪದಬಂಧದತ್ತ ಸಾಗುತ್ತಿತ್ತು. ಮಗಳ ಆಟಕ್ಕೂ ನನ್ನ ಪದಬಂಧಕ್ಕೂ ಭೇದವೇನು?

ಕೆಲಸವನ್ನು ಮುಂದೂಡುವವರನ್ನು ನಾವು ಸೋಮಾರಿಗಳೆಂದು ಹಳಿಯುತ್ತೇವೆ. ಅನೇಕ ಸಲ ಅದರ ಬೇರು ಅಂಜಿಕೆಯಲ್ಲಿರುತ್ತದೆ. ಕಥೆಯನ್ನು ಸವಿಯುವುದು ದೋಷವಲ್ಲ. ಆ ಶಾಲಾ ಬಾಲಕನು ಮೆಚ್ಚಿದ ಕಥೆಯಿಂದಲೇ ಹೊಸದೊಂದನ್ನು ನಿರ್ಮಿಸಿದನಲ್ಲವೇ? ಆದರೆ ಅದೇ ಕಥೆಯನ್ನು ಅಡಗುದಾಣ ಮಾಡಿಕೊಂಡರೆ ಕೆಲಸವೂ ಕೆಡುತ್ತದೆ, ಸವಿಯೂ ಕೆಡುತ್ತದೆ. ಅರ್ಧ ಮನಸ್ಸು ಬರೆಯದ ಪುಟದ ಮೇಲೆಯೇ ಇರುವಾಗ ನೋಡಿದ ಕಂತಿನಲ್ಲಿ ಸುಖವೆಲ್ಲಿಯದು?

ಅಂದು ಸಂಜೆ ನಾವಿಬ್ಬರೂ ಒಪ್ಪಂದವೊಂದನ್ನು ಮಾಡಿಕೊಂಡೆವು. ಒಂದು ಗಂಟೆಯ ಕಾಲ, ಚೆನ್ನಾಗಿರಲಿ ಬಿಡಲಿ, ಬರೆಯುವುದು; ಅನಂತರ ಕೂಡಿ ಕುಳಿತು ಒಂದು ಕಂತು ನೋಡುವುದು. ಅವಳು ಒಂದೂವರೆ ಪುಟ ಬರೆದಳು. ನಾನು ಅಣ್ಣನವರಿಗೆ ನಾಲ್ಕೇ ಸಾಲು ಬರೆದೆನು, ಮೊದಲನೆಯದು, "ತಪ್ಪು ನನ್ನದು." ಅವರ ಉತ್ತರ ಇನ್ನೂ ಬಂದಿಲ್ಲ. ಆದರೆ ಅಂದಿನ ಕಂತನ್ನು ಪೂರ್ಣಮನಸ್ಸಿನಿಂದ ನೋಡಿದೆನು.

ಬಂಧುಗಳೇ, ನಿಮ್ಮ ಮೇಜಿನ ಮೇಲೆಯೂ ಇಂಥ ಪತ್ರವೊಂದಿದ್ದರೆ, ಈ ಸಂಚಿಕೆಯ ಮುಂದಿನ ಪುಟ ತಿರುವುವ ಮೊದಲು ಅದಕ್ಕೆ ಉತ್ತರ ಬರೆಯಿರಿ. ಪುಟ ನಿಮಗಾಗಿ ಕಾದಿರುತ್ತದೆ.