ಕಾಣದ ಬಂಡೆಯನ್ನು ಅಳೆಯುವ ಬಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಹೊಲವುಳ್ಳ ಗೃಹಸ್ಥರ ಮನೆಗಳಲ್ಲಿ ಅಡಿಗಡಿಗೆ ಏಳುವ ಮಾತೆಂದರೆ ಕೊಳವೆಬಾವಿಯದು. ವರದೆ, ಧರ್ಮಾ, ಕುಮುದ್ವತಿಗಳು ಹರಿಯುವ ಸೀಮೆಯಿದಾದರೂ ಹೊಳೆಯ ನೀರು ಎಲ್ಲರ ಹೊಲಕ್ಕೂ ಏರಲಾರದು. ಕೆರೆಯು ಬತ್ತಿದ ವರ್ಷ ಗೃಹಸ್ಥನು ಸಾಲಮಾಡಿ ಕೊರೆಯುವ ಯಂತ್ರವನ್ನು ತರಿಸುವನು. ನೀರು ಬಿದ್ದರೆ ಮೇಲಾಯಿತು. ಬೀಳದಿದ್ದರೆ ತೂತೂ ಸಾಲವೂ ಉಳಿಯುವವು. ಸ್ಥಳವನ್ನು ಆರಿಸುವಲ್ಲಿಯಾದರೋ, ಅಂಗೈಯ ಮೇಲಿನ ತೆಂಗಿನಕಾಯಿಯು ಎದ್ದು ನಿಲ್ಲುವುದೇ ಎಂದು ನೋಡುವ ವಾಡಿಕೆಯು ಇಂದಿಗೂ ಹಲವೆಡೆ ನಡೆದಿದೆ. ಆದುದರಿಂದ, ನೆಲವನ್ನು ಅಗೆಯದೆಯೇ ಒಳಗಿನ ಬಂಡೆಯ ಆಳವನ್ನು ಅರಿಯುವ ಉಪಾಯವೊಂದನ್ನು ಈ ಸಲ ವಾಚಕರ ಮುಂದಿಡುವೆನು.

ಈ ಜಿಜ್ಞಾಸೆಯು ಹೊಸದಲ್ಲ. ೬ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವನ್ನೇ ಇದಕ್ಕಾಗಿ ಮೀಸಲಿಟ್ಟಿರುವನು. ಮನುಷ್ಯನ ಶರೀರದಲ್ಲಿ ರಕ್ತನಾಳಗಳಿರುವಂತೆ ಭೂಮಿಯಲ್ಲಿಯೂ ಜಲದ ಸಿರೆಗಳಿರುವುವೆಂಬುದು ಅವನ ಮತ. ಮರ, ಹುತ್ತ ಮೊದಲಾದ ಹೊರಗಿನ ಕುರುಹುಗಳನ್ನು ಹೇಳಿ, ಎಷ್ಟು ಪುರುಷಪ್ರಮಾಣ ಅಗೆದರೆ ಯಾವ ಬಣ್ಣದ ಮಣ್ಣು, ಎಂತಹ ಕಲ್ಲು ದೊರೆಯುವುದೆಂಬುದನ್ನೂ ಅವನು ವಿವರಿಸುವನು. ನೀರನ್ನು ಅರಸುವವನು ಮೊದಲು ಮಣ್ಣುಕಲ್ಲುಗಳ ಅನುಕ್ರಮವನ್ನು ಅರಿಯಬೇಕೆಂಬ ತತ್ತ್ವವು ಅಷ್ಟು ಹಿಂದೆಯೇ ತಿಳಿದಿದ್ದಿತು.

ನಮ್ಮ ಸೀಮೆಯ ಅನುಕ್ರಮವು ಹೀಗಿದೆ: ಮೇಲೆ ಎರೆ ಅಥವಾ ಮಸಾರಿ ಮಣ್ಣು, ಅದರ ಕೆಳಗೆ ಗರಸು ಮತ್ತು ಶಿಥಿಲವಾದ ಕಲ್ಲು, ಅದರ ಕೆಳಗೆ ಗಟ್ಟಿಬಂಡೆ. ಈ ಬಂಡೆಗಳಲ್ಲಿ ಬಹುಭಾಗವು ೨೫೦ ಕೋಟಿ ವರ್ಷಗಳಿಗೂ ಹಿಂದಿನದು. ೧೮೮೦ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು ಇಂತಹ ಪದರುಗಲ್ಲುಗಳಿಗೆ ನಮ್ಮ ಧಾರವಾಡದ ಹೆಸರನ್ನೇ ಕೊಟ್ಟರು. ಗಟ್ಟಿಬಂಡೆಯು ತಾನಾಗಿ ನೀರನ್ನು ಹೀರದು. ಶಿಥಿಲವಾದ ಪದರವೇ ಮಳೆಯ ನೀರಿಗೆ ಕಣಜ. ಬಂಡೆಯಲ್ಲಿಯ ಬಿರುಕುಗಳು ಆ ಕಣಜಕ್ಕೆ ಕೂಡಿದ ಓಣಿಗಳು. ಕಣಜವು ಎಲ್ಲಿ ಆಳವಾಗಿದೆ, ಎಲ್ಲಿ ತೆಳುವಾಗಿದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಇದಕ್ಕೆ ಸಾಧನಗಳು ಸರಳವಾದವು. ನೆಲದ ಮೇಲೆ ಒಂದು ಉಕ್ಕಿನ ತಟ್ಟೆಯನ್ನಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುವರು. ಒಂದೇ ಸಾಲಿನಲ್ಲಿ ನೆಟ್ಟ ೧೨ ಅಥವಾ ೨೪ ಜಿಯೊಫೋನ್‌ಗಳೆಂಬ ಚಿಕ್ಕ ಯಂತ್ರಗಳು, ಆ ಪೆಟ್ಟಿನ ಕಂಪನವು ತಮಗೆ ಮುಟ್ಟಿದ ಹೊತ್ತನ್ನು ಸೆಕೆಂಡಿನ ಸಾವಿರದ ಒಂದಂಶದವರೆಗೆ ತಿಳಿಸುವುವು. ಕಂಪನವು ಒಣಮಣ್ಣಿನಲ್ಲಿ ಸೆಕೆಂಡಿಗೆ ಕೆಲವು ನೂರು ಮೀಟರು ಮಾತ್ರ ಹೋಗುವುದು. ಗಟ್ಟಿಬಂಡೆಯಲ್ಲಿ ೫೦೦೦ ಮೀಟರಿನಷ್ಟು ಓಡುವುದು.

ಶಿಗ್ಗಾಂವಿಯ ಹತ್ತಿರದ ಹಳ್ಳಿಯೊಂದರಿಂದ ಇನ್ನೊಂದು ಹಳ್ಳಿಗೆ ಮಳೆಗಾಲದಲ್ಲಿ ಚಕ್ಕಡಿ ಹೊಡೆಯುವವನನ್ನು ನೆನೆಯಿರಿ. ಊರು ಸಮೀಪದ್ದಾದರೆ ಅವನು ಎರೆಹೊಲದ ದಾರಿಯನ್ನೇ ಹಿಡಿಯುವನು. ದೂರದ್ದಾದರೆ, ಸುತ್ತಾದರೂ ಸರಿ, ಹೆದ್ದಾರಿಯನ್ನು ಸೇರಿ ಬೇಗನೆ ಮುಟ್ಟುವನು. ಕಂಪನವೂ ಹಾಗೆಯೇ. ಹತ್ತಿರದ ಯಂತ್ರಗಳಿಗೆ ಮಣ್ಣಿನ ದಾರಿಯಿಂದ ಬಂದ ಅಲೆಯೇ ಮೊದಲು ಮುಟ್ಟುವುದು. ದೂರದ ಯಂತ್ರಗಳಿಗೆ ಕೆಳಗಿಳಿದು ಬಂಡೆಯ ಮೈಗುಂಟ ಓಡಿ ಮೇಲೆ ಬಂದ ಅಲೆಯು ಮೊದಲು ಮುಟ್ಟುವುದು. ಈ ಸರದಿಯು ಬದಲಾಗುವ ದೂರವು ತಿಳಿದರೆ ಆಳವು ಲೆಕ್ಕಕ್ಕೆ ಸಿಗುವುದು. ಮೇಲಿನ ಪದರದ ವೇಗ ೧೦೦೦, ಬಂಡೆಯ ವೇಗ ೫೦೦೦, ಸರದಿ ಬದಲಾದ ದೂರ ೫೦ ಮೀಟರು ಎಂದಿಟ್ಟುಕೊಳ್ಳಿರಿ. ವೇಗಗಳ ಅಂತರವಾದ ೪೦೦೦ವನ್ನು ಮೊತ್ತವಾದ ೬೦೦೦ದಿಂದ ಭಾಗಿಸಿ, ವರ್ಗಮೂಲವನ್ನು ತೆಗೆದು, ದೂರದ ಅರ್ಧವಾದ ೨೫ರಿಂದ ಗುಣಿಸಿರಿ: ಬಂಡೆಯು ಸುಮಾರು ೨೦ ಮೀಟರು ಆಳದಲ್ಲಿದೆ. ಬಂಡೆಯ ಮೈ ಓರೆಯಾಗಿರಬಹುದಾದ್ದರಿಂದ ಸಾಲಿನ ಎರಡೂ ತುದಿಗಳಿಂದ ಹೊಡೆದು ನೋಡತಕ್ಕದ್ದು.

ಇದೇ ತತ್ತ್ವದಿಂದ ದೊಡ್ಡ ಕೆಲಸಗಳೂ ನಡೆದಿವೆ. ೧೯೦೯ರಲ್ಲಿ ಕ್ರೊಯೇಷಿಯದ ಮೊಹೊರೊವಿಚಿಚ್ ಎಂಬ ವಿದ್ವಾಂಸರು ಒಂದು ಭೂಕಂಪದ ಅಲೆಗಳ ಹೊತ್ತನ್ನು ಎಣಿಸಿ ಭೂಮಿಯ ತೊಗಟೆಯ ತಳವನ್ನು ಕಂಡುಹಿಡಿದರು. ಕೆನಡಾ, ಫಿನ್‌ಲೆಂಡ್ ಮೊದಲಾದ ದೇಶಗಳಲ್ಲಿ ಹಿಂದೆ ಹರಡಿದ್ದ ಹಿಮರಾಶಿಯು ಕರಗುವಾಗ ಬಿಟ್ಟುಹೋದ ಮರಳು, ಜೇಡಿ, ಗುಂಡುಗಲ್ಲುಗಳ ಕೆಳಗೆ ಬಂಡೆಯು ಮುಚ್ಚಿಹೋಗಿದೆ. ಅದರ ಏರುತಗ್ಗುಗಳನ್ನು ಅಲ್ಲಿಯವರು ಹೀಗೆಯೇ ಅಳೆಯುವರು. ನಮ್ಮ ನಾಡಿನಲ್ಲಿ ೧೯೭೦ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯವರು ಕಾವಲಿಯಿಂದ ಉಡುಪಿಯವರೆಗೆ ಸುಮಾರು ೬೦೦ ಕಿಲೋಮೀಟರುಗಳ ಗೆರೆಯಲ್ಲಿ, ಸುತ್ತಿಗೆಗೆ ಬದಲು ಸಿಡಿಮದ್ದನ್ನು ಬಳಸಿ, ತೊಗಟೆಯ ದಪ್ಪವನ್ನು ಅಳೆದರು.

ಆದರೆ ಹಿಮದ ನಾಡಿಗೂ ನಮ್ಮ ನಾಡಿಗೂ ಒಂದು ಭೇದವುಂಟು. ಅಲ್ಲಿ ಮೇಲಿನ ಮಣ್ಣು ಬೇರೆಡೆಯಿಂದ ಬಂದು ಬಿದ್ದುದು. ಬಂಡೆಯೊಡನೆ ಅದರ ಗಡಿಯು ಹಲವೆಡೆ ಸ್ಪಷ್ಟವಾಗಿರುವುದು. ನಮ್ಮಲ್ಲಿ ಕಲ್ಲು ಇದ್ದಲ್ಲಿಯೇ ಮೆಲ್ಲಮೆಲ್ಲನೆ ಮಣ್ಣಾದುದು, ಗಡಿಯು ಮಸುಕಾಗಿರುವುದು. ಗಟ್ಟಿಯಾದ ಪದರದ ಕೆಳಗೆ ಮೆದುವಾದ ಪದರವಿದ್ದರೆ ಈ ವಿಧಾನಕ್ಕೆ ಅದು ಕಾಣುವುದೇ ಇಲ್ಲ. ಕಿರಿದಾದ ಬಿರುಕುಗಳೂ ತಪ್ಪಿಹೋಗುವುವು. ಎಲ್ಲಕ್ಕೂ ಮಿಗಿಲಾಗಿ ನೆನಪಿಡಬೇಕಾದುದು, ಸುತ್ತಿಗೆಯ ಪೆಟ್ಟು ಕಲ್ಲನ್ನು ತೋರಿಸುವುದೇ ಹೊರತು ನೀರನ್ನಲ್ಲ. ಅದಕ್ಕೆಂದೇ ಬಲ್ಲವರು ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ಅದರ ತಡೆಯನ್ನು ಅಳೆಯುವ ಇನ್ನೊಂದು ಪರೀಕ್ಷೆಯನ್ನೂ ಜೊತೆಗೂಡಿಸುವರು. ಎರಡೂ ಒಂದೇ ಸ್ಥಳವನ್ನು ತೋರಿದರೆ ನಂಬುಗೆಯು ಹೆಚ್ಚುವುದು, ಆಗಲೂ ಖಾತ್ರಿಯೆಂಬುದಿಲ್ಲ.

ಖಾತ್ರಿಯಿಲ್ಲದ ವಿದ್ಯೆಯಿಂದ ಲಾಭವೇನೆಂದು ಕೆಲವರು ಕೇಳಬಹುದು. ಲಾಭವಿದೆ. ಕಣಜವು ತೆಳುವಾಗಿರುವ ಹೊಲದಲ್ಲಿ ಸಾಲದ ಹಣವನ್ನು ಸುರಿಯುವ ಮೊದಲೇ ಎಚ್ಚರಿಕೆಯು ಸಿಕ್ಕುವುದು. ಬೇಡವೆಂದು ಹೇಳಬಲ್ಲ ಪರೀಕ್ಷೆಯು ಗೃಹಸ್ಥನಿಗೆ ಹೌದೆಂದು ಹೇಳುವ ಪರೀಕ್ಷೆಯಷ್ಟೇ ಹಿತಕಾರಿ. ತೆಂಗಿನಕಾಯಿಯಾದರೋ ಆಳವನ್ನೂ ಹೇಳದು, ತನ್ನ ಸಂದೇಹವನ್ನೂ ಹೇಳದು. ಪರೀಕ್ಷಕನು ಬಂದಾಗ ಮೂರು ಮಾತನ್ನು ತಪ್ಪದೆ ಕೇಳತಕ್ಕದ್ದು: ಶಿಥಿಲವಾದ ಪದರವು ಎಷ್ಟು ದಪ್ಪ? ಗಟ್ಟಿಬಂಡೆಯು ಎಷ್ಟು ಆಳ? ಈ ಲೆಕ್ಕದಲ್ಲಿ ಸಂದೇಹವೆಷ್ಟು? ಮೂರನೆಯದಕ್ಕೆ ಸಂಕೋಚವಿಲ್ಲದೆ ಉತ್ತರಕೊಡುವವನನ್ನೇ ನಂಬಬಹುದು. ಇನ್ನು ಕಣಜವು ಎಷ್ಟೇ ಆಳವಾಗಿರಲಿ, ಅದನ್ನು ತುಂಬುವುದು ಮಳೆಯೇ. ಊರ ಕೆರೆಯ ಹೂಳನ್ನು ತೆಗೆಯುವ ಕೆಲಸವನ್ನು ಯಾವ ಯಂತ್ರವೂ ನಮಗೆ ತಪ್ಪಿಸಲಾರದು.