ಗೋಡೆಗೆ ಹಚ್ಚುವ ಸುಣ್ಣ ಮಾಳಿಗೆಗೆ ಯಾಕಿಲ್ಲ?

ಹಬ್ಬ ಬಂದರೆ ಗೋಡೆಗೆ ಸುಣ್ಣ ಹಚ್ಚುತ್ತೇವೆ. ಇಡೀ ದಿನ ಬಿಸಿಲು ತಿನ್ನುವ ಮಾಳಿಗೆಗೆ ಮಾತ್ರ ಹಚ್ಚುವುದಿಲ್ಲ. 'ಮ್ಯಾಲೆ ಯಾರ್ ನೋಡ್ತಾರ ಬಿಡ್ರಿ' ಎನ್ನುವವರೇ ಹೆಚ್ಚು. ಸೂರ್ಯ ನೋಡುತ್ತಾನಲ್ಲ!

ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗದವರೆಗೆ ಹಿಂದೆ ಇದ್ದದ್ದು ಮಣ್ಣಿನ ಮಾಳಿಗೆ. ಮಳೆ ಹೆಚ್ಚಿರುವ ಕಿತ್ತೂರಿನ ಕಡೆ ಹಂಚು. ತೊಲೆ, ಜಂತಿ, ಮೇಲೆ ದಪ್ಪ ಮಣ್ಣು. ಬಿಸಿಲಿನ ಕಾವು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಬೆಳಕಿಂಡಿಯಿಂದ ಬಿಸಿಗಾಳಿ ಹೊರಹೋಗುತ್ತಿತ್ತು. ವರ್ಷಾ ಮಣ್ಣು ಹಾಕುವ ಕೆಲಸ, ಸೋರುವ ಕಾಟ ಸಾಕಾಗಿ ನಾವು ಸ್ಲ್ಯಾಬು, ತಗಡಿಗೆ ಬಂದೆವು. ಅದು ತಪ್ಪಲ್ಲ. ಆದರೆ ನಾಲ್ಕೈದು ಇಂಚಿನ ಸ್ಲ್ಯಾಬು ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಒಳಗೆ ಬಿಡುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸುತ್ತದೆ.

ಆಮೇಲೆ ಕೂಲರು ಬರುತ್ತದೆ. 150 ವ್ಯಾಟಿನದು ದಿನಕ್ಕೆ 10 ತಾಸು ನಡೆದರೆ ತಿಂಗಳಿಗೆ 45 ಯೂನಿಟ್. ಮೇಲೆ ರಾತ್ರಿಗೆ ಎರಡು-ಮೂರು ಕೊಡ ನೀರು. ಬ್ಯಾಸಗ್ಯಾಗ ನಳದ ಮುಂದೆ ಪಾಳಿ ಹಚ್ಚುವ ಹೆಣ್ಣುಮಕ್ಕಳನ್ನು ಕೇಳಿ, ಒಂದು ಕೊಡದ ಬೆಲೆ ಏನೆಂದು ಹೇಳುತ್ತಾರೆ.

'ಕರೆಂಟು ಪುಕ್ಕಟೆ ಐತಲ್ರಿ' ಎನ್ನಬಹುದು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಬಳಕೆ ನೋಡಿ ಮಿತಿ ಹಾಕಿದ್ದಾರೆ. ಮೀರಿದಷ್ಟಕ್ಕೆ ರೊಕ್ಕ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು.

ಮೊದಲು ಕಾವು ಒಳಗೆ ಬಾರದಂತೆ ತಡೆಯುವುದೇ ಅಗ್ಗದ ದಾರಿ. ಕಪ್ಪಾದ ಸ್ಲ್ಯಾಬು ಬಿಸಿಲನ್ನು ಕುಡಿಯುತ್ತದೆ, ಬಿಳಿ ಸ್ಲ್ಯಾಬು ತಿರುಗಿಸಿ ಕಳಿಸುತ್ತದೆ. ಅಹಮದಾಬಾದಿನಲ್ಲಿ 2017ರಲ್ಲಿ ಬಡವರ ಮನೆಗಳ ಮಾಳಿಗೆಗೆ ಬಿಳಿ ಬಳಿದರು. ತೆಲಂಗಾಣ ಸರಕಾರ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿತು. ನಮಗೆ ನೀತಿ ಬರುವತನಕ ಕಾಯಬೇಕಿಲ್ಲ, ಸುಣ್ಣ ಸಂತೆಯಲ್ಲೇ ಸಿಗುತ್ತದೆ.

ಮಾಳಿಗೆ ಗುಡಿಸಿ, ತೊಳೆದು, ತುಸು ಹಸಿ ಇರುವಾಗಲೇ ಹಚ್ಚಬೇಕು. ರಾತ್ರಿ ನೆನೆಸಿದ ಸುಣ್ಣ ಸೋಸಿ, ಸ್ವಲ್ಪ ಅಂಟು ಕಲಸಿ, ತಂಪು ಹೊತ್ತಿನಲ್ಲಿ ಎರಡು ಸಲ ಬಳಿದರೆ ಸಾಕು. ಸುಣ್ಣ ಅರಳುವಾಗ ಕಣ್ಣಿಗೆ ಸಿಡಿದೀತು, ಮಕ್ಕಳನ್ನು ದೂರ ಇಡಿ. ಮೆಣಸಿನಕಾಯಿ, ಸಂಡಿಗೆ ಒಣಹಾಕುವವರು ಕೆಳಗೆ ತಾಡಪತ್ರಿ ಹಾಸಿ. ಮೊದಲ ಮಳೆಯ ನೀರು ಹಿಡಿಯಬೇಡಿ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆಂಬ ಚಿಂತೆ ಬೇಡ. ಅಷ್ಟೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ತಗಡಿಗೆ ಸುಣ್ಣ ಹಿಡಿಯುವುದು ಕಷ್ಟ, ಬಿಳಿ ಬಣ್ಣವೇ ಆಗಬೇಕು. ಅದರ ಮೇಲೆ ರವದಿ ಹೊಚ್ಚುವವರು ಒಲೆ, ವಾಯರು ಹತ್ತಿರವಿಲ್ಲವೆಂದು ನೋಡಿಕೊಳ್ಳಿ.

ಮಧ್ಯಾಹ್ನ ನಾವೇನೋ ಹೊಲದ ಬೇವಿನ ನೆರಳಿಗೆ ಕೂಡುತ್ತೇವೆ. ಕಾದ ಮನೆಯೊಳಗೆ ಉಳಿಯುವವರು ಮುದುಕರು, ಬಾಣಂತಿ, ಕೂಸು. ಅವರ ಸಲುವಾಗಿಯಾದರೂ ಯುಗಾದಿಗೆ ಸುಣ್ಣದ ಬಕೆಟ್ಟು ಮೊದಲು ಮಾಳಿಗೆ ಏರಲಿ. ಕೂಲರಿನ ಮಾತು ಆಮೇಲೆ.