ಫ್ಲೂ ಅಂದ್ರು... ಸೀಳಿದ್ದು ಎದೆಯ ನಾಳ!

‘ಟಿಕ್, ಟಿಕ್... ಬೂಮ್!’ ನೋಡಿದ್ರಾ? 2021ರ ಇಂಗ್ಲಿಷ್ ಚಿತ್ರ. ನಾಯಕ ಆಂಡ್ರ್ಯೂ ಗಾರ್ಫೀಲ್ಡ್—ಹೌದು, ಸ್ಪೈಡರ್‌ಮ್ಯಾನ್ ಆಗಿದ್ದ ಅದೇ ಹುಡುಗ! ವಯಸ್ಸು ಮೂವತ್ತು ಮುಟ್ಟಿದರೂ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ, ಉಳಿದ ಹೊತ್ತೆಲ್ಲ ಹಾಡು ಕಟ್ಟೋದು. ಇದು ಕಟ್ಟುಕಥೆಯಲ್ಲ, ನ್ಯೂಯಾರ್ಕಿನ ಜೊನಾಥನ್ ಲಾರ್ಸನ್‌ನ ಬಾಳು. ಚಿತ್ರ ಎರಡು ಮಾತಲ್ಲಿ ಮುಗಿಸಿಬಿಡುವ ಕೊನೆಯ ರೀಲು ಇಲ್ಲಿದೆ.

1996ರ ಜನವರಿ. ಏಳು ವರ್ಷ ತಿದ್ದಿ ತಿದ್ದಿ ಬರೆದ ‘ರೆಂಟ್’ ಸಂಗೀತ ನಾಟಕಕ್ಕೆ ಪರದೆ ಏಳೋದಕ್ಕೆ ನಾಲ್ಕೇ ದಿನ. ತಾಲೀಮಿನ ಜಾಗದಲ್ಲೇ ಎದೆನೋವು ಬಂದು ಕುಸಿದ. ಒಂದು ಆಸ್ಪತ್ರೆಯವರು ತಿಂದದ್ದು ವಿಷವಾಗಿದೆ ಅಂದ್ರು. ಎರಡು ದಿನ ಬಿಟ್ಟು ಇನ್ನೊಂದು ಆಸ್ಪತ್ರೆ—ಫ್ಲೂ ಅಂದ್ರು. ಎರಡೂ ಕಡೆ ಮನೆಗೆ ಕಳಿಸಿದ್ರು. 24ರ ರಾತ್ರಿ ಕೊನೇ ತಾಲೀಮು ನೋಡಿ ಮನೆಗೆ ಹೋದ, ಚಹಾಕ್ಕೆ ನೀರಿಟ್ಟನಂತೆ. ಆಮೇಲೆ ಕಂಡದ್ದು ಅಡುಗೆಮನೆ ನೆಲದ ಮೇಲೆ ಹೆಣ. ವಯಸ್ಸು 35.

ಅವತ್ತು ಸಂಜೆಯೇ ಮೊದಲ ಪ್ರದರ್ಶನ! ಕಲಾವಿದರು ಸುಮ್ಮನೆ ಕೂತು ಹಾಡಿ ಮುಗಿಸೋಣ ಅಂದ್ಕೊಂಡ್ರು. ತಡೆಯೋಕಾಗದೆ ಎದ್ದು ಆಡಿಯೇಬಿಟ್ಟರು. ನೂರು ದಿನ, ಬೆಳ್ಳಿಹಬ್ಬ ಅಂತ ಲೆಕ್ಕ ಹಾಕೋ ನಾವು ಕೇಳಬೇಕು: ಬ್ರಾಡ್‌ವೇಯಲ್ಲಿ 12 ವರ್ಷ, 5,123 ಆಟ!

ಹೃದಯದಿಂದ ಹೊರಡೋ ದೊಡ್ಡ ರಕ್ತನಾಳದ ಗೋಡೆ ಸೀಳಿತ್ತು. ಕಾರಣ ಮಾರ್ಫಾನ್ ಸಿಂಡ್ರೋಮ್ ಇರಬೇಕು ಅಂತ ತಿಳಿದದ್ದು ಸತ್ತ ಮೇಲೆ. ಆಸ್ಪತ್ರೆಗಳಿಗೆ ದಂಡವೇನೋ ಬಿತ್ತು. ಯಾರಿಗೆ ಬೇಕು ಸ್ವಾಮಿ ಆ ದಂಡ?

ಇದು ಹುಟ್ಟಿನಿಂದಲೇ ಬರೋದು, ಸುಮಾರು 5,000 ಜನಕ್ಕೊಬ್ಬರಿಗೆ. ಮೈಯನ್ನ ಹಿಡಿದಿಡೋ ಅಂಗಾಂಶವೇ ಸಡಿಲ. ಉದ್ದುದ್ದ ಕೈಕಾಲು, ಜೇಡನಂಥ ಬೆರಳು, ಗುಳಿಬಿದ್ದ ಎದೆ, ಜಾರೋ ಕಣ್ಣಿನ ಮಸೂರ. ಅಂಥವನನ್ನ ಕಂಡ್ರೆ ನಾವು ಮಾಡೋದೇನು? ‘ಲಂಬೂ’ ಅಂತ ಹೆಸರಿಡೋದು. ನಾನೂ ಇಟ್ಟವನೇ.

ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್, ಆರಡಿ ಐದಂಗುಲದಾಕೆ, 1986ರಲ್ಲಿ ಜಪಾನಿನಲ್ಲಿ ಪಂದ್ಯದ ಮಧ್ಯೆ ಸತ್ತಳು. ಶವಪರೀಕ್ಷೆಯಲ್ಲಿ ಮಾರ್ಫಾನ್ ಸಿಕ್ಕಿತು. ಒಡನೆ ಅವಳ ಸಹೋದರನನ್ನೂ ಪರೀಕ್ಷಿಸಿದ್ರು—ಅವನಿಗೂ ಇತ್ತು! ತಡವಾದರೂ ಎದೆ ತೆರೆದು ಆಪರೇಷನ್ ಮಾಡೋಕೆ ವೇಳೆಯಿತ್ತು.

ನಿಮ್ಮ ಲಂಬೂ ಪಕ್ಕದ ಸೀಟಲ್ಲೇ ಇದ್ದಾನಾ? ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟೋಕೆ ಹೇಳಿ. ಕಿರುಬೆರಳಿನ ಪಕ್ಕದಿಂದ ಉಗುರಿನ ಗೆಣ್ಣು ಪೂರ್ತಿ ಆಚೆ ಇಣುಕಿತಾ? ಹೆದರಿಸಬೇಡಿ, ಉದ್ದ ಇರೋರೆಲ್ಲ ರೋಗಿಗಳಲ್ಲ. ಹೃದಯದ ಡಾಕ್ಟರ ಹತ್ತಿರ ಎಕೋ ಮಾಡಿಸಲಿ. ನಾಳ ಹಿಗ್ಗಿದ್ರೆ ಮಾತ್ರೆಯಿದೆ, ಆಪರೇಷನ್ನೂ ಇದೆ. ಈ ಪತ್ರಿಕೆ ಓದಿ ಮುಗಿಸಿ ಅವನ ಕೈಗೇ ಕೊಡಿ.